ಹಳೆಯ ಆಲ್ಟೊ ನನ್ನ ಮಗಳಿಗೆ ಬೇಡ

ನಮ್ಮ ತಾಯಿಯ ಕಡೆಯ ಬಳಗಕ್ಕೆ ಒಂದು ವಾಟ್ಸಾಪ್ ಗುಂಪಿದೆ. ನಿವೃತ್ತ ಮುಖ್ಯೋಪಾಧ್ಯಾಯರಾದ ದೊಡ್ಡಪ್ಪ ಅದನ್ನು ಕಟ್ಟಿದವರು. ಬರೆಯುವವರು ಕನ್ನಡ ಲಿಪಿಯಲ್ಲಿ, ಪೂರ್ತಿ ವಾಕ್ಯದಲ್ಲಿ ಬರೆಯಬೇಕೆಂಬುದು ಅವರ ಕಟ್ಟಳೆ. ಜಗಳವಾಡುವಾಗಲೂ ನಾವು ಅದನ್ನು ಮೀರುವುದಿಲ್ಲ. ಆಗಸ್ಟ್ ತಿಂಗಳ ಒಂದು ಶನಿವಾರ ನನ್ನ ಮಗಳಿಗೆ ಡ್ರೈವಿಂಗ್ ಲೈಸೆನ್ಸ್ (ಡಿಎಲ್) ಬಂದ ಸುದ್ದಿಯನ್ನು ಅಲ್ಲಿ ಹಂಚಿಕೊಂಡೆ. ಅವಳಿಗೆ ಈಗ 18 ವರ್ಷ. ಶಿವಮೊಗ್ಗದ ನಮ್ಮ ಮನೆಯಿಂದ ದಿನವೂ ಸಾಗರ ರಸ್ತೆಯಲ್ಲಿ, ಲಾರಿಗಳ ನಡುವೆ, ಕಾಲೇಜಿಗೆ ಹೋಗಿಬರಬೇಕು. ಅದಕ್ಕೊಂದು ಕಾರು ನೋಡುತ್ತಿದ್ದೇವೆ ಎಂದೂ ಬರೆದೆ. ಭಾನುವಾರ ಬೆಳಿಗ್ಗೆ ಸಾಗರದ ಭಾವ ಇದನ್ನು ಫಾರ್ವರ್ಡ್ ಮಾಡಿದರು:

"ಪೋಷಕರೇ ಎಚ್ಚರ! ಸುಪ್ರೀಂ ಕೋರ್ಟಿನ ಹೊಸ ತೀರ್ಪು! 25 ವರ್ಷದೊಳಗಿನ ಮಕ್ಕಳು ತಂದೆ ತಾಯಿಯ ಕಾರು ಓಡಿಸಿ ಅಪಘಾತವಾದರೆ ವಿಮಾ ಕಂಪನಿ ಒಂದು ಪೈಸೆಯನ್ನೂ ಕೊಡುವುದಿಲ್ಲ. ಮಕ್ಕಳ ಹೆಸರನ್ನು ಪಾಲಿಸಿಗೆ ಸೇರಿಸಿದರೆ ಪ್ರೀಮಿಯಂ ಎರಡು ಪಟ್ಟಾಗುತ್ತದೆ. ಮಕ್ಕಳಿಗೆ ಹಳೆಯ ಸಣ್ಣ ಕಾರನ್ನೇ ಕೊಡಿಸಿ. ಕನಿಷ್ಠ ಹತ್ತು ಗುಂಪುಗಳಿಗೆ ಕಳುಹಿಸಿ."

ಅದರ ಕೆಳಗೆ ಭಾವ ತಮ್ಮದೊಂದು ಸಾಲು ಸೇರಿಸಿದ್ದರು: "ಹೆಣ್ಣುಮಗುವಿನ ಕೈಗೆ ಇಷ್ಟು ಬೇಗ ಕಾರು ಕೊಡಬೇಡಿ ಎಂದು ನಾನು ಯುಗಾದಿಯಲ್ಲೇ ಹೇಳಿದ್ದೆ."

ಶಿರಸಿಯ ಮಾವ ಐದು ನಿಮಿಷದೊಳಗೆ ಉತ್ತರಿಸಿದರು: "ನನ್ನ 2012ರ ಆಲ್ಟೊ ಅಂಗಳದಲ್ಲಿ ಸುಮ್ಮನೆ ನಿಂತಿದೆ. ಅದನ್ನು ಮಗುವಿಗೆ ಹಾಗೆಯೇ ಕೊಡುತ್ತೇನೆ, ದುಡ್ಡಿನ ಮಾತೇ ಬೇಡ. ಕೈ ಪಳಗುವವರೆಗೆ ಅಲ್ಲಿ ಇಲ್ಲಿ ತಾಗಿಸಿದರೂ ಹೊಟ್ಟೆ ಉರಿಯುವುದಿಲ್ಲ."

ಮಾವನ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಎಲ್ಲ ಮನೆಗಳಲ್ಲೂ ಹೀಗೇ ಯೋಚಿಸುತ್ತಾರೆ: ಹೊಸದಾಗಿ ಕಲಿತವರಿಗೆ ಹಳೆಯ ಡಬ್ಬಾ, ಅನುಭವಸ್ಥರಿಗೆ ಹೊಸ ಕಾರು. ಮೊನ್ನೆ ಮೊನ್ನೆಯವರೆಗೆ ನಾನೂ ಹಾಗೆಯೇ ಯೋಚಿಸಿದ್ದೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮ, ಎಂದಿನಂತೆ, ಆಧಾರ ಕೇಳಿದ. "ಭಾವ, ತೀರ್ಪಿನ ದಿನಾಂಕ ಯಾವುದು, ಪ್ರಕರಣ ಯಾವುದು?" ಎಂದು ಅವನು ಬರೆದದ್ದಕ್ಕೆ ಭಾವ, "ಸುಳ್ಳಾಗಿದ್ದರೆ ಇಷ್ಟು ಜನ ಏಕೆ ಕಳುಹಿಸುತ್ತಿದ್ದರು? ನೀನು ಎಲ್ಲದಕ್ಕೂ ರಸೀದಿ ಕೇಳುವವನು" ಎಂದು ಉತ್ತರ ಕೊಟ್ಟರು. ದೊಡ್ಡಪ್ಪ ನಡುವೆ ಬಂದು, ತಾವು ಮೂರು ವರ್ಷ ಸಂಬಳ ಕೂಡಿಟ್ಟು ಸೈಕಲ್ ಕೊಂಡದ್ದನ್ನೂ, ಗಳಿಸುವ ಮೊದಲೇ ಚಕ್ರ ಬಯಸುವ ಈಗಿನ ಮಕ್ಕಳ ಸ್ವಭಾವವನ್ನೂ, ವಿದ್ಯಾರ್ಥಿ ಪಾಸು ಇರುವಾಗ ಬಸ್ಸಿಗೆ ಏನಾಗಿದೆ ಎಂಬ ಪ್ರಶ್ನೆಯನ್ನೂ ಒಂದೇ ಸಂದೇಶದಲ್ಲಿ ಇಟ್ಟರು. ಬಸ್ಸಿನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪ್ರಯೋಗಾಲಯದ ತರಗತಿ ಮುಗಿದು ಅವಳು ಹೊರಬರುವಾಗ ಕತ್ತಲಾಗಿರುತ್ತದೆ, ಆ ಹೊತ್ತಿಗೆ ಬಸ್ಸುಗಳು ತೀರ ಕಡಿಮೆ ಎಂದು ವಿವರಿಸಿದೆ. ದೊಡ್ಡಪ್ಪ ಮರುಮಾತಾಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಮ್ಮನೇ ಹುಡುಕಿ ಬರೆದ. ಉದ್ದದ ಸಂದೇಶವಾದರೂ ಪೂರ್ತಿ ಕೊಡುತ್ತೇನೆ, ಏಕೆಂದರೆ ಗುಂಪಿನಲ್ಲಿ ಅದನ್ನು ಕೊನೆಯವರೆಗೆ ಓದಿದವರು ಮೂರ್ನಾಲ್ಕು ಮಂದಿ ಮಾತ್ರ:

"ಇದರಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಕಲಸಿದ್ದಾರೆ. 25 ವರ್ಷ ಎಂಬ ಸಂಖ್ಯೆ ಬಂದದ್ದು ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನಿಂದ. 18 ತುಂಬದವರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗಿನ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಮತ್ತು ಓಡಿಸಿದವರಿಗೆ 25 ವರ್ಷ ಆಗುವವರೆಗೆ ಕಲಿಯುವವರ ಲೈಸೆನ್ಸ್ ಆದ ಎಲ್‌ಎಲ್ ಕೂಡ ಸಿಗದು. ನಮ್ಮ ಹುಡುಗಿಗೆ 18 ತುಂಬಿದೆ, ಡಿಎಲ್ ಇದೆ. ಈ ಕಲಮು ಅವಳನ್ನು ಮುಟ್ಟುವುದಿಲ್ಲ. ಸುಪ್ರೀಂ ಕೋರ್ಟಿನ ಆದೇಶ 2025ರ ಜುಲೈ ತಿಂಗಳಿನದು, ನಮ್ಮ ಅರಸೀಕೆರೆ ಕಡೆಯ 2014ರ ಅಪಘಾತದ್ದು. ಅತಿವೇಗದಿಂದ, ತನ್ನದೇ ತಪ್ಪಿನಿಂದ ಕಾರು ಉರುಳಿ ತೀರಿಕೊಂಡ ಚಾಲಕನ ಕುಟುಂಬ ಪರಿಹಾರ ಕೇಳಿತ್ತು, ಕೋರ್ಟು ಒಪ್ಪಲಿಲ್ಲ. ಅಲ್ಲಿ ವಯಸ್ಸಿನ ಮಾತೇ ಇಲ್ಲ. ದಾರಿಹೋಕರಿಗೆ, ಎದುರಿನ ವಾಹನದವರಿಗೆ ಸಿಗಬೇಕಾದ ಥರ್ಡ್ ಪಾರ್ಟಿ ಪರಿಹಾರವನ್ನೂ ಆ ಆದೇಶ ಕಿತ್ತುಕೊಂಡಿಲ್ಲ. ಇನ್ನು ಮೂರನೆಯದು, ಪ್ರೀಮಿಯಂ ಎರಡು ಪಟ್ಟಾಗುವ ಕಥೆ. ಅದು ಅಮೆರಿಕದ್ದಿರಬೇಕು, ಅಕ್ಕ ಹೇಳಲಿ."

ನ್ಯೂಜೆರ್ಸಿಯ ಅಕ್ಕ, ಅಂದರೆ ದೊಡ್ಡಪ್ಪನ ಮಗಳು, ಅಲ್ಲಿ ಬೆಳಗಾದ ಮೇಲೆ ಬರೆದಳು: "ನಿಜ, ಇದು ನಮ್ಮ ಊರಿನ ಪಾಡು. ಇಲ್ಲಿ ಮನೆಯಲ್ಲಿ ಲೈಸೆನ್ಸ್ ಇರುವ ಪ್ರತಿಯೊಬ್ಬರ ವಯಸ್ಸು ನೋಡಿ ವಿಮೆಯ ದರ ಕಟ್ಟುತ್ತಾರೆ. 17 ವರ್ಷದ ನನ್ನ ಮಗನ ಹೆಸರು ಸೇರಿದ ತಿಂಗಳು ಬಿಲ್ಲು ನೋಡಿ ನಾವಿಬ್ಬರೂ ಮಾತಿಲ್ಲದೆ ಕುಳಿತಿದ್ದೆವು. ಅವನ ನಂಬರ್ ಪ್ಲೇಟಿನ ಮೇಲೆ ಎಳೆಯ ಚಾಲಕನೆಂಬ ಗುರುತಿಗೆ ಕೆಂಪು ಚೀಟಿ ಕಡ್ಡಾಯ. ಈ ರಾಜ್ಯದಲ್ಲಿ 2010ರಿಂದ ಹಾಗಿದೆ. ಆದರೆ ಹಳೆಯ ಸಣ್ಣ ಕಾರು ಕೊಡಿ ಎಂದು ಇಲ್ಲಿ ತಿಳಿದವರು ಯಾರೂ ಹೇಳುವುದಿಲ್ಲ. ಐಐಎಚ್‌ಎಸ್ ಎಂಬ ರಸ್ತೆ ಸುರಕ್ಷತಾ ಸಂಸ್ಥೆ, ಗ್ರಾಹಕರ ಸಂಸ್ಥೆಯಾದ ಕನ್ಸ್ಯೂಮರ್ ರಿಪೋರ್ಟ್ಸ್ ಜೊತೆಗೂಡಿ ಹದಿಹರೆಯದವರಿಗೆಂದೇ ಕಾರುಗಳ ಪಟ್ಟಿ ಕೊಡುತ್ತದೆ. ತೀರ ಸಣ್ಣದು ಬೇಡ, ಎಂಜಿನ್ನಿನ ಶಕ್ತಿ ಅತಿಯಾದದ್ದೂ ಬೇಡ, ತಿರುವಿನಲ್ಲಿ ಕಾರು ಜಾರದಂತೆ ಹಿಡಿಯುವ ಇಎಸ್‌ಸಿ ಇರಲೇಬೇಕು ಎನ್ನುತ್ತದೆ. ಆ ಪಟ್ಟಿ ನೋಡಿಯೇ ನಾವು ಕೊಂಡದ್ದು."

ಭಾವನಿಗೆ ಇದು ಸರಿಬರಲಿಲ್ಲ. "ಅಮೆರಿಕದವರಿಗೆ ನಮ್ಮ ರಸ್ತೆಯ ಸುದ್ದಿ ಬೇಡ. ಪಾಲಿಸಿಯಲ್ಲಿ ಹೆಸರಿಲ್ಲದವರು ಓಡಿಸಿದರೆ ಕ್ಲೇಮು ಸಿಗುವುದಿಲ್ಲ ಎಂಬುದು ನನ್ನ ಅನುಭವ" ಎಂದು ಬರೆದರು.

ಆ ಒಂದು ಮಾತಿಗೆ ನನ್ನ ತಮ್ಮ ಹಳೆಯ ಗಾಯವನ್ನು ಕೆದಕಿದ. "ನಿಮ್ಮ ಅನುಭವ ಯಾವುದೆಂದು ನಮಗೆ ಗೊತ್ತಿದೆ. 2003ರಲ್ಲಿ ಅಪ್ಪನಿಗೆ ಮಾರುತಿ 800 ಮಾರಿದಿರಿ. ನೋಂದಣಿ ಪತ್ರವಾದ ಆರ್‌ಸಿ ಅಪ್ಪನ ಹೆಸರಿಗಾಯಿತು, ವಿಮೆ ನಿಮ್ಮ ಹೆಸರಿನಲ್ಲೇ ಉಳಿಯಿತು. ಆನಂದಪುರದ ಹತ್ತಿರ ಮೋರಿಗೆ ಗುದ್ದಿದಾಗ ಕಂಪನಿಯವರು ಕಾಗದ ಹಿಂದಿರುಗಿಸಿದರು, ಅಪ್ಪ ರಿಪೇರಿಗೆ 38,000 ರೂಪಾಯಿ ಕೈಯಿಂದ ಕಟ್ಟಿದರು." ಭಾವನ ಉತ್ತರದಂತೆ, ಅವರು ಸಹಿ ಮಾಡಿದ ಕಾಗದಗಳನ್ನೆಲ್ಲ ಅಪ್ಪನ ಕೈಗೆ ಕೊಟ್ಟಿದ್ದರಂತೆ, ಅಪ್ಪ ಕಚೇರಿಗೆ ಹೋಗಲಿಲ್ಲವಂತೆ, ತೀರಿಹೋದವರ ಮೇಲೆ ಮಾತು ಹೊರಿಸುವುದು ತಮಗೆ ಇಷ್ಟವಿಲ್ಲದ್ದರಿಂದ ಇಷ್ಟು ವರ್ಷ ಸುಮ್ಮನಿದ್ದರಂತೆ. ನನ್ನ ಸ್ವಂತ ಅಕ್ಕ, ಭಾವನ ಹೆಂಡತಿ, ಗುಂಪಿನಲ್ಲಿದ್ದೂ ಒಂದಕ್ಷರ ಬರೆಯಲಿಲ್ಲ. ನಲವತ್ತು ಸಂದೇಶಗಳ ತನಕ ಮಗಳ ಕಾರಿನ ಸುದ್ದಿ ಯಾರಿಗೂ ಬೇಕಾಗಲಿಲ್ಲ.

ನಾನು ಬರೆದೆ: "ಅಪ್ಪನ ಕ್ಲೇಮು ಬಿದ್ದುಹೋದದ್ದು ಓಡಿಸಿದವರ ಹೆಸರಿನಿಂದಲ್ಲ, ಮಾಲೀಕತ್ವ ಬದಲಾದ 14 ದಿನಗಳೊಳಗೆ ಪಾಲಿಸಿಯನ್ನು ವರ್ಗಾಯಿಸಿಕೊಳ್ಳದೆ ಹೋದದ್ದರಿಂದ. ಥರ್ಡ್ ಪಾರ್ಟಿ ಭಾಗ ವಾಹನದ ಜೊತೆಗೇ ಹೋಗುತ್ತದೆ, ನಮ್ಮ ಕಾರಿಗಾದ ನಷ್ಟದ ಭಾಗ ಹೋಗುವುದಿಲ್ಲ. ಹಳೆಯ ಕಾರು ಕೊಳ್ಳುವ ಯಾರಿಗೂ ಇದೇ ನಿಯಮ. ಇನ್ನು ಓಡಿಸುವವರ ವಿಷಯ: ನಮ್ಮ ಪಾಲಿಸಿಯನ್ನು ಮೇಜಿನ ಮೇಲೆ ಹರಡಿಕೊಂಡು ಓದಿದ್ದೇನೆ. ಮಾಲೀಕರೂ ಸೇರಿದಂತೆ ಚಾಲ್ತಿಯಲ್ಲಿರುವ ಲೈಸೆನ್ಸ್ ಹೊಂದಿದ ಯಾರೇ ಓಡಿಸಬಹುದು ಎಂದು ಅದರಲ್ಲಿದೆ. ಎಲ್‌ಎಲ್ ಇರುವವರು ನಿಯಮದಂತೆ ಎಲ್ ಬೋರ್ಡ್ ಹಾಕಿ, ಪಕ್ಕದಲ್ಲಿ ಲೈಸೆನ್ಸ್ ಇದ್ದವರನ್ನು ಕೂರಿಸಿಕೊಂಡರೆ ಅವರೂ ಓಡಿಸಬಹುದು. ಆದರೆ ಒಂದು ತೂತು ಇದೆ, ಅದನ್ನು ಈ ಫಾರ್ವರ್ಡ್ ಹೇಳುವುದಿಲ್ಲ. ಪಾಲಿಸಿಯ ಜೊತೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಾರಿನ ಮಾಲೀಕನಿಗೆ ಮಾತ್ರ. ಕಾರು ನನ್ನ ಗಂಡನ ಹೆಸರಿನಲ್ಲಿದೆ. ಮಗಳು ಓಡಿಸುವಾಗ ಅವಳಿಗೇ ಪೆಟ್ಟಾದರೆ ಆ 15 ಲಕ್ಷ ಅವಳದಲ್ಲ. ಅದಕ್ಕೆ ಅವಳ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸುತ್ತಿದ್ದೇವೆ. 2021ರಿಂದ 'ಸರಳ ಸುರಕ್ಷಾ ಬೀಮಾ' ಎಂಬ ಒಂದೇ ಮಾದರಿಯ ಪಾಲಿಸಿ ಇದೆ; 18 ತುಂಬಿದವರಿಗೆ ಎರಡೂವರೆ ಲಕ್ಷದಿಂದ ಒಂದು ಕೋಟಿಯವರೆಗೆ ಸಿಗುತ್ತದೆ."

ಇದಕ್ಕೆ ಬಂದ ಮೊದಲ ಪ್ರತಿಕ್ರಿಯೆ ಮಾವನದು, ಅದೂ ಅಜ್ಜನ ಅಂಬಾಸಡರ್ ಕುರಿತು. ಬಿಳಿಯ ಕಾರು, ಸ್ಟೇರಿಂಗಿನ ಪಕ್ಕದ ಗೇರು, ಬೇಸಿಗೆ ರಜೆಯಲ್ಲಿ ಹನ್ನೊಂದು ಜನ ತುಂಬಿಕೊಂಡು ಜೋಗಕ್ಕೆ ಹೋದದ್ದು, ಹಿಂದಿನ ಸೀಟಿನಲ್ಲಿ ಎರಡು ಸಾಲು ಮಕ್ಕಳು, ಬುತ್ತಿಯ ಚಿತ್ರಾನ್ನ. ಕೊನೆಯಲ್ಲಿ ಬರೆದಿದ್ದರು: "ಬೆಲ್ಟು, ಏರ್‌ಬ್ಯಾಗು, ಸುರಕ್ಷತೆಯ ನಕ್ಷತ್ರ ಯಾವುದೂ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ."

ಹಬ್ಬದ ಶುಭಾಶಯವನ್ನೂ ಬರೆಯದ ಚಿಕ್ಕಮ್ಮ ಆಗ ಬರೆದರು:

"ಯಾರಿಗೂ ಏನೂ ಆಗಲಿಲ್ಲ ಎಂದು ಬರೆಯಬೇಡ, ಅಣ್ಣ. ಜೋಗದಿಂದ ಬರುವಾಗ ತಾಳಗುಪ್ಪದ ಹತ್ತಿರ ಎಮ್ಮೆ ಅಡ್ಡ ಬಂತು. ನಾನು ಮುಂದೆ ಅಮ್ಮನ ತೊಡೆಯ ಮೇಲಿದ್ದೆ. ಅಪ್ಪ ಬ್ರೇಕ್ ಹಾಕಿದಾಗ ಅಮ್ಮನಿಗೆ ನನ್ನನ್ನು ಹಿಡಿದುಕೊಳ್ಳಲಾಗಲಿಲ್ಲ. ಎಡ ಹುಬ್ಬಿನ ಮೇಲೆ ಎಂಟು ಹೊಲಿಗೆ ಬಿತ್ತು. ನನ್ನ ಮದುವೆಯ ಫೋಟೊಗಳಲ್ಲೆಲ್ಲ ಆ ಕಡೆಯ ಮುಖ ಕಾಣದ ಹಾಗೆ ತಿರುಗಿ ನಿಂತಿದ್ದೇನೆ, ತೆಗೆದು ನೋಡು."

ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಮಾವ "ನನಗೆ ಮರೆತೇ ಹೋಗಿತ್ತು, ತಂಗಿ" ಎಂದಷ್ಟೇ ಬರೆದರು. ಮದುವೆಯ ಆಲ್ಬಮ್ ನಮ್ಮ ಮನೆಯಲ್ಲೇ ಇದೆ. ತೆಗೆದು ನೋಡಿದೆ. ಚಿಕ್ಕಮ್ಮ ಹೇಳಿದ್ದು ನಿಜ. ಧಾರೆಯ ಫೋಟೊದಲ್ಲೂ ಹಾಗೆಯೇ.

ಆ ಸಂಜೆ ನನ್ನ ಮನಸ್ಸಿನಲ್ಲಿದ್ದುದನ್ನು ಪೂರ್ತಿ ಬರೆದೆ. "ಮಾವ, ಆಲ್ಟೊವನ್ನು ನಾನು ತೆಗೆದುಕೊಳ್ಳುವುದಿಲ್ಲ, ತಪ್ಪು ತಿಳಿಯಬೇಡಿ. ನಿಮ್ಮದರಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಏರ್‌ಬ್ಯಾಗ್ ಇಲ್ಲದ ಆಲ್ಟೊ 800 ಕಾರನ್ನು, ಸುರಕ್ಷತೆಗೆ ಐದರವರೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್‌ನವರು 2014ರಲ್ಲಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಗೆ ಒಂದು ನಕ್ಷತ್ರವೂ ಬರಲಿಲ್ಲ. ಎಲ್ಲ ಹೊಸ ಕಾರುಗಳಲ್ಲೂ ಎಬಿಎಸ್ ಕಡ್ಡಾಯವಾದದ್ದು 2019ರಲ್ಲಿ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2021 ಮುಗಿಯುವ ಹೊತ್ತಿಗೆ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಅನುಭವ ಇರುವವಳು ಅವಳು. ಎಲ್ಲರಿಗಿಂತ ಕಡಿಮೆ ರಕ್ಷಣೆಯ ಕಾರನ್ನು ಅವಳಿಗೇ ಕೊಟ್ಟು, 25 ವರ್ಷ ಓಡಿಸಿದ ಅವಳ ಅಪ್ಪ ನಮ್ಮ 2022ರ ಟಾಟಾ ಪಂಚ್‌ನಲ್ಲಿ ಹೋಗುವುದು ನನಗೆ ಒಪ್ಪುವುದಿಲ್ಲ. ಪಂಚ್ ಅವಳಿಗಿರಲಿ. ನಮಗೆ ಬೇಕಾದರೆ 2022ರ ನಂತರದ ಬೇರೊಂದು ಹಳೆಯ ಕಾರು ನೋಡಿಕೊಳ್ಳುತ್ತೇವೆ. ಬಂಪರ್ ತಾಗಿದರೆ ತಾಗಲಿ, ಬಂಪರ್ ಬದಲಾಯಿಸಲು ಬರುತ್ತದೆ."

ಭಾವ ದುಡ್ಡಿನ ಲೆಕ್ಕ ಕೇಳಿದರು. ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ, ಓಡಿಸುವವರ ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಂತೆ ಆಲ್ಟೊದಂಥ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಪಂಚ್‌ನಂಥ 1500 ಸಿಸಿ ಒಳಗಿನದಕ್ಕೆ 3,416 ರೂಪಾಯಿ, ವ್ಯತ್ಯಾಸ 1,322 ಎಂದು ತಮ್ಮ ಉತ್ತರಿಸಿದ. ಜೊತೆಗೆ ನನಗೂ ಒಂದು ಮಾತು ಹೇಳಿದ: "ಪಂಚ್‌ನ 5 ನಕ್ಷತ್ರ 2021ರ ಪರೀಕ್ಷೆಯದು. 2022ರ ಜುಲೈನಿಂದ ಗ್ಲೋಬಲ್ ಎನ್‌ಕ್ಯಾಪ್ ನಿಯಮ ಬಿಗಿಯಾಗಿದೆ, ಪಕ್ಕದ ಗುದ್ದನ್ನೂ ಇಎಸ್‌ಸಿಯನ್ನೂ ನೋಡುತ್ತಾರೆ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂದಿದೆ. ಆಗಿನ ಐದನ್ನೂ ಈಗಿನ ಐದನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ." ಅದು ನನಗೆ ತಿಳಿದಿರಲಿಲ್ಲ. ಆದರೂ ಆಲ್ಟೊಗಿಂತ ಪಂಚ್ ಎಷ್ಟೋ ಮೇಲು ಎಂಬ ನನ್ನ ಮಾತನ್ನು ಅವನೂ ಒಪ್ಪಿದ. ಕೊನೆಗೆ ಮಾವನನ್ನು ಆಲ್ಟೊದ ವಿಮೆ ಯಾವಾಗ ಮುಗಿಯುತ್ತದೆ ಎಂದು ಕೇಳಿದ. ಮಾರ್ಚ್‌ನಲ್ಲೇ ಮುಗಿದಿತ್ತು.

ಒಂದು ವಿಷಯವನ್ನು ನಾನು ಗುಂಪಿನಲ್ಲಿ ಬರೆದಿರಲಿಲ್ಲ. ಪಾಲಿಸಿ ಓದಿದ ರಾತ್ರಿ ಕಾರಿನ ಬಾಗಿಲು ತೆಗೆದು ನೋಡಿದಾಗ ಚಾಲಕನ ಬೆಲ್ಟಿನ ಕೊಂಡಿಯಲ್ಲಿ ಬೆಲ್ಟು ಇರಲಿಲ್ಲ, ಬೆರಳುದ್ದದ ಒಂದು ತಗಡಿನ ನಾಲಿಗೆ ಸಿಕ್ಕಿಸಿತ್ತು. ಬೆಲ್ಟು ಹಾಕದಿದ್ದರೂ ಬೀಪ್ ಸದ್ದು ಬಾರದಿರಲೆಂದು ಮಾರುತ್ತಾರಲ್ಲ, ಆ ಕ್ಲಿಪ್ಪು. ಅಂಚುಗಳು ಉಜ್ಜಿ ಹೊಳೆಯುತ್ತಿದ್ದವು. ಬಹಳ ದಿನದಿಂದ ಅಲ್ಲೇ ಇತ್ತು. ನನ್ನ ಗಂಡ ಹಾಕಿದ್ದು. ಅವರು ಗುಂಪಿನಲ್ಲಿದ್ದಾರೆ, ಬರೆಯುವುದಿಲ್ಲ. ಊಟದ ಹೊತ್ತಿನಲ್ಲಿ ಅದನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟೆ. ಮಗಳು ನೋಡಿದಳು.

ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ ಮಗಳು ಮೊದಲ ಬಾರಿ ಗುಂಪಿನಲ್ಲಿ ಬರೆದಳು. ಊಟದ ಮೇಜಿನ ಮೇಲೆ ಎರಡು ತುಂಡಾದ ಆ ಕ್ಲಿಪ್ಪಿನ ಚಿತ್ರ, ಪಕ್ಕದಲ್ಲಿ ಇಕ್ಕಳ. ಕೆಳಗೆ: "ಇದನ್ನು ಅಪ್ಪನೇ ಮುರಿದರು. ಚಿಕ್ಕಜ್ಜಿ, ಮುಂದಿನ ವಾರ ನಾನು ನಿಮ್ಮನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆ, ನೀವು ಹಿಂದಿನ ಸೀಟಿನಲ್ಲೂ ಬೆಲ್ಟು ಹಾಕಬೇಕು."

ದೊಡ್ಡಪ್ಪ ಉತ್ತರಿಸಿದರು: "ಆ ಪಾಲಿಸಿಯ ಪ್ರತಿಯನ್ನು ಇಲ್ಲಿಗೆ ಕಳುಹಿಸಿ. ಓಡಿಸುವವರ ಬಗೆಗಿನ ವಾಕ್ಯವನ್ನು ನಾನೇ ಓದಿ ನೋಡಬೇಕು."

ಹತ್ತೂ ನಲವತ್ತಕ್ಕೆ ನನ್ನ ಗಂಡ ಅದನ್ನು ಕಳುಹಿಸಿದರು.