ಸಂಡೇಸ್ಕೂಲಿಗೆ ಮಾತಾಡುವ ಗೊಂಬೆ ಬೇಕೇ? ಬೇಕಾದರೆ ಯಾವುದು, ಹೇಗೆ?

ಗ್ರೇಸ್ ಟೀಚರ್, ಕೋಲಾರ
ಎಲ್ಲರಿಗೂ ಸ್ತೋತ್ರ. ಏಪ್ರಿಲ್ ರಜೆಯಲ್ಲಿ ಮಕ್ಕಳಿಗೆ ಸತ್ಯವೇದ ಕಲಿಸುವ ವಿಬಿಎಸ್‌ಗೆ ಮಾತಾಡುವ ಗೊಂಬೆ ಇಡೋಣ ಅಂತ ಸಭೆಯಲ್ಲಿ ಕೆಲವರು, ದೇವರ ಮನೆಯಲ್ಲಿ ಗೊಂಬೆಯಾಟ ಬೇಡ ಅಂತ ಇನ್ನು ಕೆಲವರು. ಇಡುವುದಾದರೆ ತೊಡೆಯ ಮೇಲೆ ಕೂರಿಸಿ, ತುಟಿ ಆಡಿಸದೆ ಮಾತಾಡಿಸುವ ಗೊಂಬೆಯೋ, ಪರದೆ ಹಿಂದಿನ ಸ್ಪಂಜಿನ ಗೊಂಬೆಯೋ? ಪಾಠ ಲೂಕ 15ರ ಕಳೆದುಹೋದ ಕುರಿ. ಮಕ್ಕಳು 5ರಿಂದ 12 ವರ್ಷದವರು, ಬಹಳಷ್ಟು ಮಕ್ಕಳಿಗೆ ಮನೆಮಾತು ತೆಲುಗು.

ಶಿಡ್ಲಘಟ್ಟ ಪಾಸ್ಟರ್
ಸಿಸ್ಟರ್, ನನ್ನ ಮಟ್ಟಿಗೆ ಬೇಡ. ಯೆಶಾಯ 8:19 ಓದಿ. ಪಿಸುಗುಟ್ಟುತ್ತಾ ಗೊಣಗುತ್ತಾ ಸತ್ತವರ ಮಾತೆಂದು ನಂಬಿಸುವವರನ್ನು ಪ್ರವಾದಿ ಅಲ್ಲಿ ಖಂಡಿಸುತ್ತಾನೆ. ಹಳೆಯ ಕಾಲದಲ್ಲಿ ತುಟಿ ಆಡಿಸದೆ ದನಿ ಹೊರಡಿಸುವ ವಿದ್ಯೆ ಕಣಿ ಹೇಳುವವರ ಕೈಯಲ್ಲಿತ್ತು. ಅದಕ್ಕಿಂತ ದೊಡ್ಡ ಚಿಂತೆ, ಐದು ವರ್ಷದ ಮಗು ಗೊಂಬೆಗೆ ಜೀವ ಇದೆ ಅಂತಲೇ ನಂಬುತ್ತದೆ. ಆ ಗೊಂಬೆ ‘ಯೇಸು ನನ್ನ ಪಾಪ ಕ್ಷಮಿಸಿದ’ ಅಂದರೆ ಮಗುವಿಗೆ ರಕ್ಷಣೆ ಅಂದರೆ ಏನೆಂದು ಅರ್ಥವಾಗಬೇಕು?

ತುಟಿಗುಟ್ಟು, ಕೆಜಿಎಫ್
ಅಯ್ಯನವರೇ, ಯೆಶಾಯ ಖಂಡಿಸಿದ್ದು ವಂಚನೆಯನ್ನು. ನಮ್ಮ ಗೊಂಬೆ ಎಲ್ಲರ ಕಣ್ಣೆದುರು ಕೂತಿರುತ್ತದೆ, ಅದರೊಳಗೆ ಕೈ ಇದೆ ಅಂತ ದೊಡ್ಡ ಮಕ್ಕಳಿಗೆ ಗೊತ್ತು. ನ್ಯಾಯಸ್ಥಾಪಕರು 9ರಲ್ಲಿ ಯೋತಾಮನು ಮರಗಳ ಬಾಯಲ್ಲಿ ಮಾತಾಡಿಸಿ ಕಥೆ ಹೇಳಲಿಲ್ಲವೇ? ದೇವರು ಬಾಯಿ ತೆರೆಸಿ ಮಾತಾಡಿಸಿದ ಬಿಳಾಮನ ಕತ್ತೆಯನ್ನು ಮಾತ್ರ ಸಾಕ್ಷಿಗೆ ತರಬಾರದು. ಕೆಲವರು ತರುತ್ತಾರೆ, ಆದರೆ ಅದು ಅದ್ಭುತಕಾರ್ಯ, ಕಲೆ ಅಲ್ಲ.

ನಿಮ್ಮ ಎರಡನೆಯ ಮಾತು ಮಾತ್ರ ನೂರಕ್ಕೆ ನೂರು ಸರಿ. ಗೊಂಬೆ ಪ್ರಾರ್ಥನೆ ಮಾಡಬಾರದು, ಸಾಕ್ಷಿ ಹೇಳಬಾರದು, ಯೇಸುವಿನ ಪಾತ್ರವನ್ನಂತೂ ಮಾಡಲೇಬಾರದು. ಗೊಂಬೆಯ ಕೆಲಸ ಕೇಳುವುದು, ತಪ್ಪು ತಿಳಿಯುವುದು, ಹಟ ಮಾಡುವುದು. ಉತ್ತರ ಯಾವಾಗಲೂ ಟೀಚರ್ ಬಾಯಲ್ಲಿ, ಸತ್ಯವೇದ ತೆರೆದು. ಸ್ಕ್ರಿಪ್ಟ್ ಬರೆಯುವಾಗಲೇ ಈ ಗೆರೆ ಹಾಕಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ಸೂತ್ರದವನು, ತುಮಕೂರು
ಗ್ರೇಸ್ ಅಕ್ಕ ಕೇಳಿದ್ದು ಯಾವ ಗೊಂಬೆ ಅಂತ. ತೊಡೆಯ ಮೇಲೆ ಕೂರಿಸುವ, ಒಳಗಿನ ಸನ್ನೆಕೋಲಿನಿಂದ ಬಾಯಿ ಆಡಿಸುವ ಗಟ್ಟಿ ಗೊಂಬೆ ಈಗಲೇ ಬೇಡ. 36ರಿಂದ 40 ಇಂಚು ಎತ್ತರದ ಗೊಂಬೆ ಮೂರು–ನಾಲ್ಕು ಕಿಲೋ ತೂಗುತ್ತದೆ. ದವಡೆಯ ಸ್ಪ್ರಿಂಗ್ ಸಡಿಲವಾದರೆ ಬಾಯಿ ಜೋತುಬೀಳುತ್ತದೆ, ಒಳಗಿನ ದಾರ ಕಡಿದರೆ ವೇದಿಕೆಯಲ್ಲಿ ರಿಪೇರಿಯೇ ಆಗದು. ದವಡೆ ತಾಗುವ ಕಡೆ ಚರ್ಮದ ತುಂಡು ಅಂಟಿಸದಿದ್ದರೆ ಪ್ರತಿ ಮಾತಿಗೂ ‘ಟಕ್ ಟಕ್’. ಚಿಕ್ಕ ಮಕ್ಕಳು ಆ ಗಟ್ಟಿ ಮುಖ ಕಂಡರೇ ಹೆದರಿ ಅಳುವುದುಂಟು.

ಸ್ಪಂಜಿನದನ್ನು ಮನೆಯಲ್ಲೇ ಮಾಡಬಹುದು. ತಲೆಗೆ 12 ಮಿಲಿಮೀಟರ್ ದಪ್ಪದ ಸೋಫಾ ಸ್ಪಂಜು. ಬಾಯಿಗೆ ದಪ್ಪ ರಟ್ಟಿನ ಎರಡು ಅರ್ಧವೃತ್ತ, ನಡುವೆ ಬಟ್ಟೆಯ ಕೀಲು, ಮೇಲೆ ಕೆಂಪು ರೆಕ್ಸಿನ್. ಅಂಟು ಫೆವಿಬಾಂಡ್ ತರಹದ ರಬ್ಬರ್ ಅಂಟೇ ಆಗಬೇಕು. ಬಿಳಿ ಫೆವಿಕಾಲ್ ಸ್ಪಂಜಿನೊಳಗೆ ಇಳಿದು ಗಟ್ಟಿಯಾಗಿ, ಬಾಯಿ ತೆರೆದಾಗೆಲ್ಲ ಬಿರಿಯುತ್ತದೆ. ಎರಡೂ ಮೈಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ, ಸುಮಾರು ಹತ್ತು ನಿಮಿಷ, ಕಾದು ಆಮೇಲೆ ಒತ್ತಬೇಕು. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕೂತು ಮಾಡಿ. ಕಣ್ಣಿಗೆ ಟೇಬಲ್ ಟೆನಿಸ್ ಚೆಂಡನ್ನು ಎರಡು ಹೋಳು ಮಾಡಿದರೆ ಸಾಕು. ಕಪ್ಪು ಗುಡ್ಡೆ ನಟ್ಟನಡುವೆ ಬೇಡ, ಎರಡೂ ಮೂಗಿನ ಕಡೆಗೆ ಒಂದು ಚೂರು ಸರಿದಿರಲಿ. ಆಗಲೇ ಗೊಂಬೆ ಎದುರಿನ ಮಗುವನ್ನು ನೋಡಿದಂತೆ ಕಾಣುವುದು. ನಡುವೆ ಇಟ್ಟರೆ ಗೋಡೆ ನೋಡುತ್ತಿರುತ್ತದೆ. ಒಟ್ಟು ತೂಕ 400 ಗ್ರಾಂ ದಾಟಿದರೆ ಐದೇ ನಿಮಿಷಕ್ಕೆ ಕೈ ಸೋತು ಗೊಂಬೆ ಪರದೆಯೊಳಗೆ ಮುಳುಗುತ್ತಾ ಹೋಗುತ್ತದೆ.

ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟಿರಬೇಡಿ, ಅಂಟು ಮೆತ್ತಗಾಗಿ ಬಾಯಿ ಕಿತ್ತುಬರುತ್ತದೆ.

ತುಟಿಗುಟ್ಟು, ಕೆಜಿಎಫ್
ಸ್ಪಂಜು ಒಪ್ಪಿದೆ. ಪರದೆ ಮಾತ್ರ ಒಪ್ಪುವುದಿಲ್ಲ. ಟೀಚರ್ ಪರದೆ ಹಿಂದೆ ಹೋದರೆ ಮಕ್ಕಳನ್ನು ನೋಡುವವರೇ ಇರುವುದಿಲ್ಲ. ಸ್ಪಂಜಿನ ಗೊಂಬೆಯನ್ನೇ ಪಕ್ಕದಲ್ಲಿ ಕೂರಿಸಿ ತುಟಿ ಆಡಿಸದೆ ಮಾತಾಡಿಸಬಹುದಲ್ಲ.

ಕನ್ನಡದಲ್ಲಿ ತೊಡಕು ಪ, ಫ, ಬ, ಭ, ಮ, ವ ಮಾತ್ರ. ಹಲ್ಲಿನ ನಡುವೆ ಅಕ್ಕಿಕಾಳಿನಷ್ಟು ಸಂದು, ತುಟಿ ಸಡಿಲ, ನಾಲಿಗೆಗೆ ಪೂರ್ತಿ ಸ್ವಾತಂತ್ರ್ಯ. ‘ಬ’ಗೆ ನಾಲಿಗೆ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಅಗಲವಾಗಿ ಒತ್ತಿ, ಮೆದುವಾದ ‘ದ’ ಬಿಡಿ. ‘ಪ’ಗೆ ಹಾಗೆಯೇ ‘ತ’, ‘ಮ’ಗೆ ‘ನ’. ‘ವ’ ಸುಲಭ, ತುಟಿ ದುಂಡಗಾಗಿಸದೆ ‘ಉ’ ಹೇಳುತ್ತಾ ಮುಂದಿನ ಸ್ವರಕ್ಕೆ ಜಾರಿದರೆ ‘ದೇವರು’ ಸರಿಯಾಗಿಯೇ ಕೇಳುತ್ತದೆ. ವಾಕ್ಯದ ನಡುವೆ ವೇಗವಾಗಿ ಬಂದರೆ ಕೇಳುವವರ ಕಿವಿಯೇ ತಿದ್ದಿಕೊಳ್ಳುತ್ತದೆ.

ಮಾತು ಒಂಟಿಯಾಗಿ ನಿಂತರೆ ಅಪಾಯ. ‘ಅಮ್ಮ’ ಹೋಗಿ ‘ಅನ್ನ’ ಆಗುತ್ತದೆ. ‘ಪಾಪ’ ಹೋಗಿ ‘ತಾತ’! ನಿಮ್ಮ ಪಾಠದ ‘ಕುರಿಮರಿ’ ಹೋಗಿ ‘ಕುರಿನರಿ’. ಉಳಿದ ಕುರಿಗಳ ಲೆಕ್ಕ ‘ತೊಂಬತ್ತೊಂಬತ್ತು’ ಗೊಂಬೆಯ ಬಾಯಿಗೆ ಬರಲೇಕೂಡದು, ಅದನ್ನು ನೀವು ಹೇಳಿ. ಗೊಂಬೆಗೆ ‘ನೂರರಲ್ಲಿ ಒಂದಿಲ್ಲ ಅಕ್ಕಾ’, ‘ರಾತ್ರಿಯೆಲ್ಲಾ ಹುಡುಕಿದ್ನಾ?’, ‘ಸಿಕ್ತಾ? ಎಲ್ಲಿ ಸಿಕ್ತು?’ ಇಂಥವು ಕೊಡಿ. ಒಂದಕ್ಕೂ ತುಟಿ ಬೇಡ. ‘ಕುರುಬ’ ಬದಲು ‘ಕುರಿ ಕಾಯೋನು’. ಹೆಸರೂ ಹಾಗೆಯೇ, ಪಪ್ಪು, ಬಬ್ಲು ಬೇಡ. ಮಾತಾಡುವ ಗೊಂಬೆಯ ಕಲಾವಿದೆ ಇಂದುಶ್ರೀ ಅವರ ಗೊಂಬೆ ‘ಡಿಂಕು’ ಹೆಸರು ನೋಡಿ, ಒಂದು ತುಟಿಯಕ್ಷರವೂ ಇಲ್ಲ.

ಸೂತ್ರದವನು, ತುಮಕೂರು
ಇಷ್ಟನ್ನು ಒಂದೆರಡು ತಿಂಗಳಲ್ಲಿ ಕಲಿತು ಮಕ್ಕಳ ಮುಂದೆ ನಿಲ್ಲುವುದು ಕಷ್ಟ ಬ್ರದರ್. ತುಟಿಯ ಮೇಲೇ ಗಮನ ಇಟ್ಟವರು ಗೊಂಬೆಯನ್ನು ಮರೆಯುತ್ತಾರೆ, ಅದು ಹೆಣದ ಹಾಗೆ ಕೂತಿರುತ್ತದೆ. ಅಮೆರಿಕದ ಎಡ್ಗರ್ ಬರ್ಗೆನ್ ತನ್ನ ಗೊಂಬೆ ಚಾರ್ಲಿ ಮೆಕಾರ್ಥಿಯ ಜೊತೆ 1937ರಿಂದ ವರ್ಷಗಟ್ಟಲೆ ಜನರನ್ನು ಹಿಡಿದಿಟ್ಟದ್ದು ರೇಡಿಯೋದಲ್ಲಿ. ತುಟಿ ಯಾರಿಗೆ ಕಾಣುತ್ತಿತ್ತು? ಜನ ಒಲಿದದ್ದು ಪಾತ್ರಕ್ಕೆ.

ನಡುವಿನ ದಾರಿ ಇದೆ. ಟೀಚರ್ ಪರದೆಯ ಹೊರಗೆ ನಿಲ್ಲಲಿ, ಗೊಂಬೆ ಆಡಿಸಿ ಮಾತಾಡುವವರು ಒಳಗಿರಲಿ. ಭಾಗವತರು ಕೇಳುವುದು, ಪಾತ್ರ ಉತ್ತರಿಸುವುದು ನಮ್ಮ ಯಕ್ಷಗಾನದ ಕ್ರಮವೇ. ತೊಗಲುಗೊಂಬೆಯಾಟದಲ್ಲಿ ಹಾಸ್ಯದ ಪಾತ್ರ ಕಿಳ್ಳೇಕ್ಯಾತ ಬಂದು ನಗಿಸುವುದನ್ನು ಕಂಡ ನೆಲದಲ್ಲಿ ಇದೇನು ಹೊಸದಲ್ಲ. ಒಂದಿಂಚಿನ ಪಿವಿಸಿ ಪೈಪಿನ ಚೌಕಟ್ಟು, ಮಂಡಿಯೂರಿ ಆಡಿಸುವುದಾದರೆ ನಾಲ್ಕಡಿ ಎತ್ತರ, ದಪ್ಪ ಕಪ್ಪು ಬಟ್ಟೆ. ಹಿಂದೆ ಕಿಟಕಿ ಇದ್ದರೆ ಮುಚ್ಚಿ, ಇಲ್ಲವಾದರೆ ಆಡಿಸುವವರ ನೆರಳು ಬಟ್ಟೆಯ ಮೇಲೆ ಬೀಳುತ್ತದೆ.

ಬಾಯಿ ಆಡಿಸುವಾಗ ಹೆಬ್ಬೆರಳು ಮಾತ್ರ ಕೆಳಗಿಳಿಯಬೇಕು, ಮೇಲಿನ ನಾಲ್ಕು ಬೆರಳು ಅಲುಗಬಾರದು. ಅವು ಎದ್ದರೆ ಗೊಂಬೆ ಸೂರು ನೋಡುತ್ತದೆ. ‘ಕುರಿ ಎಲ್ಲಿ’ಗೆ ನಾಲ್ಕು ಸಲ ತೆರೆಯಬೇಕು, ಸ್ವರ ಬಂದಾಗ. ಹೊಸಬರು ಸ್ವರ ಬಂದಾಗ ಮುಚ್ಚುತ್ತಾರೆ, ಮಾತನ್ನು ಕಚ್ಚಿ ತಿಂದ ಹಾಗೆ ಕಾಣುತ್ತದೆ. ಮಣಿಕಟ್ಟು ತುಸು ಮುಂದಕ್ಕೆ ಬಾಗಿರಲಿ, ನೆಲದ ಮೇಲೆ ಕೂತ ಮಕ್ಕಳ ಕಣ್ಣು ಕೆಳಗಿರುತ್ತದೆ.

ಚಿಂತಾಮಣಿ ಸೌಂಡ್ಸ್
ಕೈ ಮೈಕ್ ಬೇಡವೇ ಬೇಡ. ತುಟಿ ಆಡಿಸದೆ ಮಾತಾಡುವವರು ಕೈ ಮೈಕ್ ಹಿಡಿದು ಗೊಂಬೆಯ ಮುಂದೆ ತಿರುಗಿಸಿದರೆ ದನಿ ಇಲ್ಲವಾಗುತ್ತದೆ, ಬಾಯಿ ಇರುವುದು ಈಚೆ ಅಲ್ಲವೇ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಗಿಸಿ. ಪರದೆಯ ಒಳಗಿನವರಿಗೆ ತಲೆಗೆ ಹಾಕುವ ಮೈಕ್, ಕೈ ಎರಡೂ ಬಿಡುವಾಗಿರುತ್ತವೆ. ಸ್ಪೀಕರ್ ಪರದೆಯ ಪಕ್ಕದಲ್ಲೇ ಇರಲಿ. ದನಿ ಚರ್ಚಿನ ಹಿಂದಿನಿಂದ ಬಂದರೆ ಮಕ್ಕಳು ತಿರುಗಿ ನೋಡುತ್ತಾರೆ.

ಶಿಡ್ಲಘಟ್ಟ ಪಾಸ್ಟರ್
ಟೀಚರ್ ಹೊರಗೆ, ಗೊಂಬೆ ಕೇಳುವುದು ಮಾತ್ರ ಅಂದರೆ ವಿಬಿಎಸ್‌ಗೆ ನನ್ನ ತಕರಾರಿಲ್ಲ. ಭಾನುವಾರದ ಆರಾಧನೆಗೆ ಈಗಲೂ ಒಪ್ಪುವುದಿಲ್ಲ. ಇನ್ನೊಂದು ಮಾತು, ಕೊನೆಗೆ ಗೊಂಬೆಯನ್ನು ಕೈಯಿಂದ ತೆಗೆದು ಖಾಲಿ ಚೀಲ ಅಂತ ತೋರಿಸಬೇಕು.

ತುಟಿಗುಟ್ಟು, ಕೆಜಿಎಫ್
ಅಯ್ಯನವರೇ, ಐದು ವರ್ಷದವರ ಮುಂದೆ ಹಾಗೆ ಎಳೆದು ತೆಗೆದರೆ ಗೊಂಬೆ ಸತ್ತಿತು ಅಂತ ಅಳುತ್ತಾರೆ. ಪಾಠ ಅಲ್ಲಿಗೆ ಹೋಯಿತು.

ಸೂತ್ರದವನು, ತುಮಕೂರು
ತೋರಿಸುವ ಬದಲು ಮಾಡಿಸಿ. ಮಾರನೆಯ ದಿನ ಪ್ರತಿ ಮಗುವಿಗೂ ಒಂದು ಹಳೇ ಕಾಲುಚೀಲ, ಎರಡು ಗುಂಡಿ, ಸ್ವಲ್ಪ ಉಲ್ಲನ್. ತಾನೇ ಗೊಂಬೆ ಮಾಡಿ ಮಾತಾಡಿಸಿದ ಮಗುವಿಗೆ ಜೀವ ಯಾರದ್ದು ಅಂತ ಬೇರೆ ಹೇಳಬೇಕಾಗಿಲ್ಲ. ಐದು–ಆರು ವರ್ಷದವರಿಗೆ ಗುಂಡಿ ದೊಡ್ಡವರೇ ಹೊಲಿದುಕೊಡಬೇಕು.

ಗ್ರೇಸ್ ಟೀಚರ್, ಕೋಲಾರ
ಇದು ಸಭೆಯಲ್ಲೂ ಒಪ್ಪಿಗೆಯಾಗುತ್ತದೆ. ಇದೇ ಗೊಂಬೆಯನ್ನು ಬರ್ತ್‌ಡೇ ಕಾರ್ಯಕ್ರಮಗಳಿಗೂ ಕರೆಯುತ್ತಾರೆ, ಒಯ್ಯಬಹುದೇ?

ತುಟಿಗುಟ್ಟು, ಕೆಜಿಎಫ್
ಒಯ್ಯಬಹುದು, ಸ್ಕ್ರಿಪ್ಟ್ ಬೇರೆ ಇರಲಿ. ಆ ಮನೆಯವರು ಕರೆದದ್ದು ಮನರಂಜನೆಗೆ, ಅವರನ್ನು ಕೇಳದೆ ಸುವಾರ್ತೆ ನುಸುಳಿಸುವುದು ನಂಬಿಕೆದ್ರೋಹ. ಬಣ್ಣ, ದಪ್ಪ, ತೊದಲು, ಇವುಗಳ ಮೇಲೆ ತಮಾಷೆ ಎಲ್ಲಿಯೂ ಬೇಡ. ಗೊಂಬೆಯ ಬಾಯಲ್ಲಿ ಬಂದರೂ ಮಗುವಿಗೆ ಚುಚ್ಚುವುದು ಅಷ್ಟೇ. ಮೊದಲ ಸಾಲಿಗೂ ಗೊಂಬೆಗೂ ಆರಡಿ ಬಿಡಿ, ಹತ್ತಿರ ಕೂತ ಮಕ್ಕಳು ಬಾಯೊಳಗೆ ಕೈ ಹಾಕುತ್ತಾರೆ. ಮೂರು ವರ್ಷದೊಳಗಿನವರು ಅಮ್ಮನ ಮಡಿಲಲ್ಲಿ, ಹಿಂದೆ. ಆರೇಳು ನಿಮಿಷಕ್ಕೆ ನಿಲ್ಲಿಸಿ. ಅಲ್ಲಲ್ಲಿ ತೆಲುಗಿನಲ್ಲೂ ಒಂದೆರಡು ಮಾತು ಬರಲಿ, ಕೋಲಾರದ ಮಕ್ಕಳು ಕೂಡಲೇ ಹತ್ತಿರವಾಗುತ್ತಾರೆ.

ಗ್ರೇಸ್ ಟೀಚರ್, ಕೋಲಾರ
ಸ್ಕ್ರಿಪ್ಟ್ ಬರೆದು ಈ ವಾರವೇ ಇಲ್ಲಿ ಹಾಕುತ್ತೇನೆ. ಗೊಂಬೆಯ ಸಾಲುಗಳನ್ನು ಅಯ್ಯನವರೂ ಒಮ್ಮೆ ನೋಡಲಿ.