ಎಲ್ಲವೂ ನಾರ್ಮಲ್ ರೇಂಜ್‌ನಲ್ಲಿದ್ದರೂ ಕಬ್ಬಿಣದ ಕೊರತೆ ಅಂತಾರಲ್ಲ, ಹೇಗೆ?

ಪ್ರಶ್ನೆ: ವಯಸ್ಕ ಮಹಿಳೆಯ ರಿಪೋರ್ಟ್. ಹಿಮೋಗ್ಲೋಬಿನ್ 12.4, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 81, ಸೀರಮ್ ಐರನ್ (ರಕ್ತದಲ್ಲಿ ಓಡಾಡುವ ಕಬ್ಬಿಣ) 95, ಟಿಐಬಿಸಿ (ರಕ್ತ ಒಟ್ಟು ಹೊರಬಲ್ಲ ಕಬ್ಬಿಣ) 410, ಫೆರಿಟಿನ್ 11 (ಲ್ಯಾಬ್ ರೇಂಜ್ 10–290). ಹೆಚ್ಚು-ಕಡಿಮೆ ಅಂತ ಲ್ಯಾಬ್‌ನ ಗುರುತು ಯಾವುದಕ್ಕೂ ಬಿದ್ದಿಲ್ಲ. ಆದರೂ ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದಿದ್ದಾರೆ. ಯಾಕೆ?

ಉತ್ತರ 1: ಡಾಕ್ಟರ್ ಸರಿಯಾಗೇ ಓದಿದ್ದಾರೆ. ದೇಹದಲ್ಲಿ ಮೊದಲು ಖಾಲಿಯಾಗುವುದು ದಾಸ್ತಾನು. ಅದನ್ನು ತೋರಿಸುವುದೇ ಫೆರಿಟಿನ್. ಆಮೇಲೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ಕಬ್ಬಿಣ ಹೊರುವ ಪ್ರೋಟೀನ್ ಶೇಕಡಾ ಎಷ್ಟು ತುಂಬಿದೆ ಅನ್ನುವುದು) ಇಳಿಯುತ್ತದೆ. ಹಿಮೋಗ್ಲೋಬಿನ್ ಬೀಳುವುದು ಕಟ್ಟಕಡೆಗೆ. ಸ್ಯಾಚುರೇಷನ್ ನೀವೇ ಲೆಕ್ಕ ಹಾಕಬಹುದು: ಸೀರಮ್ ಐರನ್ 95 ÷ ಟಿಐಬಿಸಿ 410 × 100 = ಸುಮಾರು 23. 20ಕ್ಕಿಂತ ಕೆಳಗಿದ್ದರೆ ಅನುಮಾನ, ಹಾಗಾಗಿ ಇಲ್ಲಿ ಅದಿನ್ನೂ ತಡೆದುಕೊಂಡಿದೆ. ಫೆರಿಟಿನ್ ರೇಂಜ್ ಮಾತ್ರ ನೆಚ್ಚಿಕೊಳ್ಳಬೇಡಿ. ಆರೋಗ್ಯವಂತ ವಯಸ್ಕರಲ್ಲಿ 15ಕ್ಕಿಂತ ಕಡಿಮೆ ಇದ್ದರೆ ಕೊರತೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಷ್ಟೋ ವೈದ್ಯರು 30ಕ್ಕೇ ಎಚ್ಚರವಾಗುತ್ತಾರೆ.

ಉತ್ತರ 2: ಸೀರಮ್ ಐರನ್ ಒಂದನ್ನೇ ನೋಡಿ ಏನೂ ತೀರ್ಮಾನಿಸಬೇಡಿ. ಅದು ಒಂದೇ ದಿನದಲ್ಲಿ ಏರಿಳಿಯುತ್ತದೆ, ಮಾತ್ರೆ ನುಂಗಿದ ಕೆಲವು ಗಂಟೆ ಮೇಲೇರಿ ಕೂರುತ್ತದೆ. ರಕ್ತ ಕೊಡುವುದು ಬೆಳಿಗ್ಗೆ, ಹಿಂದಿನ 24 ಗಂಟೆ ಕಬ್ಬಿಣದ ಮಾತ್ರೆ ಇಲ್ಲದೆ. ಕೂದಲು, ಉಗುರಿಗೆಂದು ಹೆಚ್ಚು ಡೋಸ್ ಬಯೋಟಿನ್ (ಒಂದು ಬಿ ವಿಟಮಿನ್) ತಗೊಳ್ಳುತ್ತಿದ್ದರೆ ಲ್ಯಾಬ್‌ಗೆ ಮೊದಲೇ ಹೇಳಿ. ಕೆಲವು ಯಂತ್ರಗಳಲ್ಲಿ ಅದರಿಂದ ಫೆರಿಟಿನ್ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಉತ್ತರ 3: ಉಲ್ಟಾ ಮೋಸವೂ ಇದೆ, ಅದೇ ಹೆಚ್ಚು ಅಪಾಯ. ಸೋಂಕು, ಉರಿಯೂತ, ಲಿವರ್ ತೊಂದರೆ ಇದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ. ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಹೆಚ್ಚಿದ್ದು ಫೆರಿಟಿನ್ 60 ಬಂದರೆ ಸದ್ಯ ಪಾರಾದೆವು ಅಂದುಕೊಳ್ಳಬೇಡಿ. ಅಂಥವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಗೆರೆಯೇ 70. ಹಾಗೆಯೇ, ಫೆರಿಟಿನ್ ಚೆನ್ನಾಗಿದ್ದೂ ಎಂಸಿವಿ ತೀರಾ ಕಡಿಮೆ ಇದ್ದರೆ ಎಂಸಿವಿಯನ್ನು ಆರ್‌ಬಿಸಿ ಕೌಂಟ್‌ನಿಂದ (ಕೆಂಪು ರಕ್ತಕಣಗಳ ಸಂಖ್ಯೆ, ಮಿಲಿಯನ್‌ಗಳಲ್ಲಿ) ಭಾಗಿಸಿ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ಟ್ರೇಟ್ (ಹಿಮೋಗ್ಲೋಬಿನ್ ತಯಾರಿಯಲ್ಲಿನ ವಂಶವಾಹಿ ದೋಷದ ಸೌಮ್ಯ ರೂಪ) ಇರಬಹುದು, ಎಚ್‌ಬಿಎ2 (ಹಿಮೋಗ್ಲೋಬಿನ್‌ನ ಒಂದು ಬಗೆ) ನೋಡಿಸಬೇಕು. ಅದು ಕಬ್ಬಿಣ ನುಂಗಿದರೆ ಸರಿಹೋಗುವಂಥದ್ದಲ್ಲ.

ಪ್ರಶ್ನೆ ಕೇಳಿದವರು: ಹಾಗಾದರೆ ಮತ್ತೆ ಯಾವಾಗ ಟೆಸ್ಟ್?

ಉತ್ತರ 1: ಈ ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ ಸರಿಯಾಗೇ ಇರುವುದರಿಂದ ಅದನ್ನು ಕಾಯುವುದರಲ್ಲಿ ಅರ್ಥವಿಲ್ಲ. ಸುಮಾರು ಮೂರು ತಿಂಗಳಿಗೆ ಫೆರಿಟಿನ್ ನೋಡಿಸಿ, ಅದೇ ಲ್ಯಾಬ್‌ನಲ್ಲಿ. ಲ್ಯಾಬ್ ಬದಲಾದರೆ ಅಂಕಿಯೂ ಅಷ್ಟಿಷ್ಟು ಬದಲಾಗುತ್ತದೆ. ಏರದಿದ್ದರೆ ಮಾತ್ರೆಯ ಡೋಸ್ ಹೆಚ್ಚಿಸುವ ಮೊದಲು ಕಬ್ಬಿಣ ಎಲ್ಲಿ ಸೋರುತ್ತಿದೆ ಅಂತ ಹುಡುಕಬೇಕು: ಮುಟ್ಟಿನ ಅತಿಸ್ರಾವ, ಹೊಟ್ಟೆ-ಕರುಳಿನ ರಕ್ತಸ್ರಾವ, ಇಲ್ಲವೇ ಕರುಳು ಕಬ್ಬಿಣ ಹೀರಿಕೊಳ್ಳದಂತೆ ಮಾಡುವ ಸೀಲಿಯಾಕ್‌ನಂಥ (ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ) ಕಾಯಿಲೆ.