5 ವಾಟ್ ಹ್ಯಾಂಡಿಯಲ್ಲಿ ಐಎಸ್‌ಎಸ್ ರಿಪೀಟರ್: ಕೇಳಿಸುತ್ತೆ, ಆದರೆ ನಮ್ಮ ಕರೆ ಹೋಗ್ತಿಲ್ಲ

ಪ್ರಶ್ನೆ:
ಜಾಗ ಬೆಂಗಳೂರು, ಗ್ರಿಡ್ (ಹ್ಯಾಮ್‌ಗಳು ಜಾಗ ಹೇಳುವ ಸಂಕೇತ) ಎಂಕೆ82. 5 ವಾಟಿನ ಡ್ಯುಯಲ್ ಬ್ಯಾಂಡ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಹ್ಯಾಮ್ ರೇಡಿಯೊ), ಅದರ ಜೊತೆ ಬಂದ ರಬ್ಬರ್ ಆಂಟೆನಾ. 437.800 ಮೆಗಾಹರ್ಟ್ಸ್‌ನಲ್ಲಿ ಐಎಸ್‌ಎಸ್ (ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ) ರಿಪೀಟರ್, ಅಂದರೆ ನಮ್ಮ ಕರೆ ಹಿಡಿದು ಮತ್ತೆ ಬಿತ್ತರಿಸುವ ರೇಡಿಯೊ, ಪಾಸಿನ (ನಿಲ್ದಾಣ ನಮ್ಮ ಆಕಾಶ ದಾಟುವ ಹೊತ್ತು) ನಡುವೆ ಎರಡು ನಿಮಿಷ ಚೆನ್ನಾಗಿ ಕೇಳುತ್ತೆ, ಮಿಕ್ಕಂತೆ ಬರೀ ಗೊರಗೊರ. 145.990ರಲ್ಲಿ ಕರೆದರೆ ಯಾರೂ ಉತ್ತರ ಕೊಡಲ್ಲ. ಲೈಸೆನ್ಸ್ ಇದೆ. ಪವರ್ ಸಾಲದೋ, ಸೆಟ್ಟಿಂಗ್ ತಪ್ಪೋ?

ಉತ್ತರ 1:
ಪವರ್ ಸಾಕು ಗೆಳೆಯರೇ. ಮೊದಲು ಟೋನ್ (ದನಿಯ ಜೊತೆ ಹೋಗುವ ಸಣ್ಣ ಗುರುತಿನ ಸದ್ದು) ನೋಡಿ: 67.0 ಹರ್ಟ್ಸ್ ಟೋನ್ ಇಲ್ಲದೆ ರಿಪೀಟರ್ ತೆರೆಯೋದೇ ಇಲ್ಲ. ಅದನ್ನು ಟ್ರಾನ್ಸ್‌ಮಿಟ್‌ಗೆ ಮಾತ್ರ ಹಾಕಿ. ರಿಸೀವ್‌ಗೂ ಹಾಕಿದರೆ ನಿಮ್ಮ ಸ್ಪೀಕರೇ ಬಾಯಿ ಮುಚ್ಚಿಕೊಳ್ಳುತ್ತೆ. ಸ್ಕ್ವೆಲ್ಚ್ (ಗೊರಗೊರ ತಡೆಯುವ ಸೆಟ್ಟಿಂಗ್) 0, ಬ್ಯಾಟರಿ ಸೇವ್ ಆಫ್, ಡ್ಯುಯಲ್ ವಾಚ್ ಆಫ್.

ಗೊರಗೊರಕ್ಕೆ ಕಾರಣ ಡಾಪ್ಲರ್, ಅಂದರೆ ನಿಲ್ದಾಣದ ವೇಗದಿಂದ ಫ್ರೀಕ್ವೆನ್ಸಿ ಸರಿಯುವುದು. 70 ಸೆಂಟಿಮೀಟರ್ ಬ್ಯಾಂಡಿನಲ್ಲಿ (ಇಲ್ಲಿ 437.800) ಅದು ಸುಮಾರು 10 ಕಿಲೋಹರ್ಟ್ಸ್ ಆಚೀಚೆ ಸರಿಯುತ್ತೆ. ಐದು ಮೆಮೊರಿ ಮಾಡಿಕೊಳ್ಳಿ: ರಿಸೀವ್ 437.810, .805, .800, .795, .790, ಐದರಲ್ಲೂ ಟ್ರಾನ್ಸ್‌ಮಿಟ್ 145.990, ಟೋನ್ 67.0. ನಿಲ್ದಾಣ ಮೂಡುವಾಗ .810ರಿಂದ ಶುರು, ಮುಳುಗುವಾಗ .790. ನೆತ್ತಿಯ ಹತ್ತಿರ ಬಂದಾಗ ಬದಲಾವಣೆ ತುಂಬಾ ಬೇಗ ಆಗುತ್ತೆ, ಬೆರಳು ಬಟನ್ ಮೇಲೇ ಇರಲಿ. ಅಪ್‌ಲಿಂಕಿನಲ್ಲಿ (ನಾವು ಮೇಲಕ್ಕೆ ಕಳಿಸುವ 145.990) ಈ ಸರಿತ 3.5 ಕಿಲೋಹರ್ಟ್ಸ್ ಒಳಗೇ ಇರೋದರಿಂದ ಅದನ್ನು ಮುಟ್ಟಬೇಕಾಗಿಲ್ಲ.

ಉತ್ತರ 2:
ಆಂಟೆನಾ ವಿಷಯ. ನಿಲ್ದಾಣ ನೆತ್ತಿಯ ಮೇಲಿದ್ದಾಗ ದೂರ ಸುಮಾರು 420 ಕಿ.ಮೀ., ದಿಗಂತದಲ್ಲಿ 2,200ಕ್ಕೂ ಹೆಚ್ಚು. ಅಂದರೆ ಐದು ಪಟ್ಟು ದೂರ, 14 ಡಿಬಿ ನಷ್ಟ (ಸಿಗ್ನಲ್ ಸುಮಾರು 25ರಲ್ಲಿ ಒಂದು ಪಾಲು). ಅದಕ್ಕೇ 40 ಡಿಗ್ರಿಗಿಂತ ಮೇಲೇರುವ ಪಾಸ್ ಆರಿಸಿ. ಹ್ಯಾಂಡಿಯನ್ನು ನೆಟ್ಟಗೆ ಹಿಡಿಯಬೇಡಿ; ಆಂಟೆನಾದ ತುದಿ ನಿಲ್ದಾಣದ ಕಡೆ ತಿರುಗಿದರೆ ಸಿಗ್ನಲ್ ಕುಸಿಯುತ್ತೆ, ಆಂಟೆನಾದ ಉದ್ದ ನಿಲ್ದಾಣದ ದಿಕ್ಕಿಗೆ ಅಡ್ಡಲಾಗಿರಲಿ.

ಇದಕ್ಕಿಂತ ದೊಡ್ಡ ಲಾಭ ಸ್ಟೀಲ್ ಅಳತೆ ಟೇಪಿನಿಂದ ಮಾಡಿದ ಯಾಗಿಯಲ್ಲಿದೆ (ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ; ಇದು 145.990ಕ್ಕೆ). ಪಿವಿಸಿ ಪೈಪಿನ ಮೇಲೆ ರಿಫ್ಲೆಕ್ಟರ್ (ಹಿಂದಿನ ಪಟ್ಟಿ) 105 ಸೆಂ.ಮೀ., ಅದರಿಂದ 20 ಸೆಂ.ಮೀ. ಮುಂದೆ ತಲಾ 45 ಸೆಂ.ಮೀ.ನ ಎರಡು ತುಂಡಿನ ಡ್ರಿವನ್ (ಕೇಬಲ್ ಸೇರುವ ಪಟ್ಟಿ, ನಡುವೆ 2.5 ಸೆಂ.ಮೀ. ಸಂದು), ಅಲ್ಲಿಂದ 32 ಸೆಂ.ಮೀ. ಮುಂದೆ 89 ಸೆಂ.ಮೀ. ಡೈರೆಕ್ಟರ್ (ಮುಂದಿನ ಪಟ್ಟಿ). ಸಂದಿಗೆ ಅಡ್ಡಲಾಗಿ 13 ಸೆಂ.ಮೀ. ತಂತಿಯನ್ನು 'ಯು' ಆಕಾರದಲ್ಲಿ ಬೆಸೆಯಿರಿ. ಬೆಸೆಯುವ ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಇಲ್ಲದಿದ್ದರೆ ಸೀಸ ಹಿಡಿಯದೆ ಗುಂಡಾಗಿ ಉರುಳಿಹೋಗುತ್ತೆ. ಪಾಸ್ ನಡೆಯುವಾಗ ಮಣಿಕಟ್ಟನ್ನು ತಿರುಗಿಸುತ್ತಿರಿ. ಧ್ರುವೀಕರಣ (ರೇಡಿಯೊ ಅಲೆ ಅಡ್ಡವೋ ಉದ್ದವೋ ಎನ್ನುವುದು) ಬದಲಾಗುತ್ತಲೇ ಇರುತ್ತೆ.

ಪ್ರಶ್ನೆ ಕೇಳಿದವರು:
ಟೋನ್ ಹಾಕಿಯೇ ಇರಲಿಲ್ಲ, ಈಗ ಹಾಕಿದೆ. ಯಾಗಿಯಿಂದ ಕರೆದು ಎರಡನೇ ಹ್ಯಾಂಡಿಯಲ್ಲಿ ಕೇಳೋಣ ಅಂದರೆ, ಪಿಟಿಟಿ (ಮಾತಾಡುವ ಬಟನ್) ಒತ್ತಿದ ಕೂಡಲೇ ಆ ಎರಡನೇ ಹ್ಯಾಂಡಿ ಮೂಕ!

ಉತ್ತರ 1:
145.990ರ ಮೂರು ಪಟ್ಟು 437.970. ನಿಮ್ಮದೇ ಮೂರನೇ ಹಾರ್ಮೋನಿಕ್ (ರೇಡಿಯೊ ಜೊತೆಗೇ ಹೊರಡಿಸುವ ಮೂರು ಪಟ್ಟಿನ ಫ್ರೀಕ್ವೆನ್ಸಿ) ಡೌನ್‌ಲಿಂಕಿನ (ನಿಲ್ದಾಣದಿಂದ ಬರುವ 437.800) ಪಕ್ಕದಲ್ಲೇ ಬೀಳುತ್ತೆ, ಮೇಲೆ 5 ವಾಟ್ ಹತ್ತಿರದಲ್ಲೇ ಹೊಡೆದು ರಿಸೀವರನ್ನು ಕಿವುಡಾಗಿಸುತ್ತೆ. ಕರೆಯುವ ಹ್ಯಾಂಡಿಗೆ 2 ಮೀಟರ್ ಬ್ಯಾಂಡಿನ (145.990 ಇರುವ ಬ್ಯಾಂಡ್) ಲೋ ಪಾಸ್ ಫಿಲ್ಟರ್ (ಅದಕ್ಕಿಂತ ಮೇಲಿನ ಫ್ರೀಕ್ವೆನ್ಸಿ ತಡೆಯುವಂಥದ್ದು) ಹಾಕಿ, ಕೇಳುವುದನ್ನು ಯಾಗಿಯ ಹಿಂದೆ ನಾಲ್ಕೈದು ಮೀಟರ್ ದೂರ ಇಡಿ. ಕೇಳೋದು ಇಯರ್‌ಫೋನಿನಲ್ಲೇ, ಇಲ್ಲವಾದರೆ ನಿಮ್ಮ ದನಿಯೇ ಮೈಕಿಗೆ ಮರಳಿ ಕಿರುಚುತ್ತೆ.

ಇನ್ನೊಂದು ಮಾತು, ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕೂಗಬೇಡಿ. ಸಂದು ಸಿಕ್ಕಾಗ ಕಾಲ್‌ಸೈನ್ (ಲೈಸೆನ್ಸಿನ ಗುರುತಿನ ಹೆಸರು), "ಎಂಕೆ82", ಅಷ್ಟೇ. ರಿಪೀಟರ್ ಕೇಳಿಸದಿದ್ದರೆ ಪಿಟಿಟಿ ಮುಟ್ಟಬೇಡಿ. ಇಡೀ ಪಾಸ್ ಹತ್ತು ನಿಮಿಷದ್ದು, ಅದನ್ನೇ ಹತ್ತಾರು ಮಂದಿ ಹಂಚಿಕೊಳ್ಳಬೇಕು. ಫೋನಿನಲ್ಲಿ ರೆಕಾರ್ಡ್ ಹಾಕಿಡಿ, ಕಾಲ್‌ಸೈನ್ ಆಮೇಲೆ ಬರೆದುಕೊಳ್ಳಬಹುದು. 73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ).